ನಿಮಗಿದು ಗೊತ್ತೇ? ಅಮ್ಮನ ಸಾರಿಗೆ ಸೊನ್ನೆ, ಟ್ಯಾಂಕರ್ ನೀರಿಗೆ ಲೆಕ್ಕ!

ಬೆಳಗ್ಗೆ ಆರು ಗಂಟೆ. ಬೆಂಗಳೂರಿನ ಹೊರಮಾವಿನ ಯಾವುದೋ ಒಂದು ಕ್ರಾಸ್. ಪೀಂ ಪೀಂ ಅಂತ ರಿವರ್ಸ್ ತೆಗೆಯುತ್ತಾ ನೀರಿನ ಟ್ಯಾಂಕರ್ ಬರುತ್ತೆ. ಹುಡುಗನೊಬ್ಬ ಸಂಪಿನ ಮುಚ್ಚಳ ಎತ್ತಿ ದಪ್ಪ ಪೈಪು ಇಳಿಬಿಡುತ್ತಾನೆ. ಮನೆಯ ಆಂಟಿ ಬಾಗಿಲಲ್ಲೇ ನಿಂತು ಲೋಡ್ ಪೂರ್ತಿ ಇಳಿಯಿತಾ ಅಂತ ಇಣುಕಿ ನೋಡುತ್ತಾರೆ. ಆಮೇಲೆ ಮೊಬೈಲಿನಲ್ಲಿ ದುಡ್ಡು. ಅಷ್ಟು ಹೊತ್ತಿಗೆ ಭಾರತದ ಜಿಡಿಪಿ ಒಂದು ಕೂದಲೆಳೆಯಷ್ಟು ಬೆಳೆದಿರುತ್ತೆ. ತಮಾಷೆಯಲ್ಲ, ನಿಜ!

ಈಗ ಹಿತ್ತಲಲ್ಲಿ ಬಾವಿ ಇದ್ದ ಕಾಲ ನೆನೆಸಿಕೊಳ್ಳಿ. ಹಗ್ಗ ಇಳಿಬಿಟ್ಟು ಸೇದಿದರೆ ತಣ್ಣನೆಯ ನೀರು, ಬಿಟ್ಟಿ. ದೇಶದ ಆದಾಯದಲ್ಲಿ ಆ ಕೊಡಕ್ಕೆ ಜಾಗವೇ ಇಲ್ಲ. ಹೊತ್ತು ತಂದ ನೀರನ್ನೂ ಲೆಕ್ಕ ಹಿಡಿಯಬಹುದು ಅಂತ ನಿಯಮದ ಪುಸ್ತಕದಲ್ಲೇನೋ ಇದೆ. ಕೊಡ ಎಣಿಸುತ್ತಾ ಕೂರುವವರು ಯಾರು ಹೇಳಿ!

ಅಡುಗೆಮನೆಯದು ಇನ್ನೂ ಮಜಾ. ದರ್ಶಿನಿಯಲ್ಲಿ ನಿಂತು ತಿಂದ ಇಡ್ಲಿ-ಸಾಂಬಾರ್ ರಾಷ್ಟ್ರೀಯ ಆದಾಯಕ್ಕೆ ಸೇರುತ್ತೆ. ಅಮ್ಮ ಮನೆಯಲ್ಲಿ ಕುದಿಸಿದ ಸಾರು ಸೇರುವುದಿಲ್ಲ. ಬೇಳೆಯ ಬೆಲೆಗೆ ಲೆಕ್ಕ, ಗ್ಯಾಸಿಗೆ ಲೆಕ್ಕ, ಅಮ್ಮನ ಕೈಗೆ ಮಾತ್ರ ಸೊನ್ನೆ!

ಕೇಂಬ್ರಿಡ್ಜಿನ ಆರ್ಥರ್ ಪಿಗೂ ಎಂಬ ಅರ್ಥಶಾಸ್ತ್ರಜ್ಞರು ನೂರು ವರ್ಷದ ಹಿಂದೆಯೇ ಇದನ್ನು ಕಂಡು ನಕ್ಕಿದ್ದರು. ಮನೆಗೆಲಸದಾಕೆಯನ್ನೇ ಯಜಮಾನ ಮದುವೆಯಾದ ಅನ್ನಿ. ಆಕೆ ಮಾಡುವುದು ಅದೇ ಕೆಲಸ, ಅದೇ ಮನೆ, ಅದೇ ಪಾತ್ರೆ. ಸಂಬಳ ನಿಂತಿತು, ದೇಶದ ಆದಾಯ ಇಳಿಯಿತು! ಒಂದು ಮಾಂಗಲ್ಯಕ್ಕೆ ಎಂಥ ಶಕ್ತಿ ನೋಡಿ.

ಆ ಸೊನ್ನೆ ಎಷ್ಟು ದೊಡ್ಡದು ಗೊತ್ತೇ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅಂದರೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಮ್ಮಿ. ಗಂಡಸರು? 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರದು!

ದೇಶದ ಆದಾಯದ ಈ ಲೆಕ್ಕ ಕಟ್ಟಿದವರಿಗೆ ಇದೆಲ್ಲ ಹೊಳೆಯಲಿಲ್ಲವೇ ಅಂತೀರಾ? ಚೆನ್ನಾಗಿಯೇ ಹೊಳೆದಿತ್ತು! 1934ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅಮೆರಿಕದ ರಾಷ್ಟ್ರೀಯ ಆದಾಯ ಎಣಿಸಿ ಅಲ್ಲಿನ ಸಂಸತ್ತಿಗೆ ವರದಿ ಕೊಟ್ಟರು. ಈ ಅಂಕಿ ನೋಡಿ ಜನ ಸುಖವಾಗಿದ್ದಾರೆ ಅಂತ ತೀರ್ಮಾನಿಸಬೇಡಿ ಅಂತ ಅದೇ ವರದಿಯಲ್ಲಿ ಎಚ್ಚರಿಕೆಯನ್ನೂ ಬರೆದರು. ಜಗತ್ತು ಅಂಕಿಯನ್ನು ಇಟ್ಟುಕೊಂಡಿತು, ಎಚ್ಚರಿಕೆಯನ್ನು ಮಡಚಿಟ್ಟಿತು!

ಅದೇ 1934. ನಮ್ಮ ಬೆಂಗಳೂರಲ್ಲೂ ಒಂದು ಪುಸ್ತಕ ಅಚ್ಚಾಯಿತು. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು, ಹತ್ತು ವರ್ಷದಲ್ಲಿ ದೇಶದ ಆದಾಯ ಇಮ್ಮಡಿಯಾಗಬೇಕು ಎಂದು ಅದರಲ್ಲಿ ನಕ್ಷೆ ಹಾಕಲಾಗಿತ್ತು. ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಸ್ವಾತಂತ್ರ್ಯಕ್ಕೆ ಇನ್ನೂ ಹದಿಮೂರು ವರ್ಷ ಬಾಕಿ. ದೇಶದ ಮೊದಲ ಪಂಚವಾರ್ಷಿಕ ಯೋಜನೆ ಶುರುವಾದದ್ದು 1951ರಲ್ಲಿ. ಲೇಖಕರ ವಯಸ್ಸು ಆಗಲೇ ತೊಂಬತ್ತರ ಹತ್ತಿರ!

ಅವರ ಹೆಸರು ಹೊತ್ತ ರೈಲು ನಿಲ್ದಾಣ ಹೊರಮಾವಿಗೆ ತೀರಾ ದೂರವೇನಿಲ್ಲ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. 2022ರ ಜೂನ್‌ನಲ್ಲಿ ತೆರೆದಾಗ ಅದು ಪೂರ್ತಿ ಏಸಿ ಇರುವ ದೇಶದ ಮೊದಲ ರೈಲ್ವೆ ಟರ್ಮಿನಲ್ ಎನಿಸಿತು!

‘ಆರ್ಥಿಕ ಅಭಿವೃದ್ಧಿ’ ಎನ್ನುವುದಕ್ಕೆ ನಮ್ಮ ಹಿರಿಯರ ಹತ್ತಿರ ಇನ್ನೊಂದು ಸೊಗಸಾದ ಮಾತಿತ್ತು. ಸಂಪದಭ್ಯುದಯ! 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ‘ಮೈಸೂರು ಎಕನಾಮಿಕ್ ಕಾನ್ಫರೆನ್ಸ್’ಗೆ ಕನ್ನಡದಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಎಂದೇ ಹೆಸರು. ಒಂದು ಸಲ ಬಾಯಿತುಂಬಾ ಹೇಳಿ ನೋಡಿ. ಸಂಪತ್ತೂ ಇದೆ, ಏಳಿಗೆಯೂ ಇದೆ. ನಾವೇಕೆ ಈ ಮಾತನ್ನು ಬಿಟ್ಟೆವೋ!

ಈಗ ಹುಬ್ಬೇರಿಸಲು ತಯಾರಾಗಿ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದಕ್ಕೆ ಕಾರಣ ಈ ಅರ್ಥಶಾಸ್ತ್ರದ ಸಮಾಜವೇ! ಕೃಷಿ, ಕೈಗಾರಿಕೆ, ಶಿಕ್ಷಣ ಅಂತ ಚರ್ಚಿಸುತ್ತಿದ್ದವರು ಭಾಷೆಯೂ ಏಳಿಗೆಯ ಬಾಬತ್ತೇ ಎಂದುಕೊಂಡರು. 1915ರ ಮೇ ತಿಂಗಳಲ್ಲಿ ಪರಿಷತ್ತು ಶುರು. ಹೊಲ, ಗಿರಣಿ, ಬ್ಯಾಂಕುಗಳ ಸಾಲಿನಲ್ಲೇ ಕವಿತೆಗೂ ಒಂದು ಕುರ್ಚಿ!

ಇನ್ನು ಕರೆಂಟಿನ ಕಥೆ. 1902ರಲ್ಲಿ ಶಿವನಸಮುದ್ರದ ಜಲಪಾತದಲ್ಲಿ ವಿದ್ಯುತ್ ಹುಟ್ಟಿತು. ಮೊದಲು ಹೋದದ್ದು ಎಲ್ಲಿಗೆ? ಬೆಂಗಳೂರಿಗೂ ಅಲ್ಲ, ಅರಮನೆಯ ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರ ಕೋಲಾರದ ಚಿನ್ನದ ಗಣಿಗೆ! ಗಣಿ ಇಂಗ್ಲಿಷ್ ಕಂಪನಿಯದು. ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದು ಆಗ ಒಂದು.

ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಚಿನ್ನ ಮೊದಲು, ಜನ ಆಮೇಲೆ! ಆ ಗಣಿ 2001ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಅದು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನಂದಿಬೆಟ್ಟವನ್ನು ತಲೆಕೆಳಗು ಮಾಡಿ ಇಳಿಸಿದ್ದರೂ ತಳ ಮುಟ್ಟುತ್ತಿರಲಿಲ್ಲ.

1905 ಅಂದಮೇಲೆ ಗದಗಿಗೆ ಹೋಗದಿದ್ದರೆ ತಪ್ಪಾಗುತ್ತೆ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಶುರುವಾದದ್ದು ಮುಂಬೈಯಲ್ಲಿ ಅಂದುಕೊಂಡಿದ್ದೀರಾ? ಗದಗ ಹತ್ತಿರದ ಕಣಗಿನಹಾಳದಲ್ಲಿ! ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಸಾಹುಕಾರನ ಬಡ್ಡಿಗೆ ಬೇಸತ್ತ ರೈತರು ತಾವೇ ಕೂಡಿ ತಮಗೇ ಸಾಲ ಕೊಟ್ಟುಕೊಂಡರು.

ಮಾರನೇ ವರ್ಷ ಕರಾವಳಿ. 1906ರ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಬೀಜ, ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಬೀಜ. ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕಿನಲ್ಲಿ ಮೊದಲ ದಿನ ಸಂಜೆ ಎಣಿಸಿದಾಗ ಇದ್ದದ್ದು 38 ರೂಪಾಯಿ, 13 ಆಣೆ, 2 ಪೈ!

ಆಮೇಲೆ ಬಂತು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಬೀಡಿ ಕಟ್ಟುವವರು, ಮೀನು ಮಾರುವವರ ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸತೊಡಗಿದರು. ‘ಮೈಕ್ರೊ ಫೈನಾನ್ಸ್’ ಎಂಬ ದೊಡ್ಡ ಮಾತು ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲು. ಇವತ್ತಿಗೂ ನಮ್ಮ ಅಂಗಡಿಸಾಲುಗಳಲ್ಲಿ ಸಂಜೆ ಹೊತ್ತಿಗೆ ಪಿಗ್ಮಿಯವರು ಬಂದರಾ ಅಂತ ಕೇಳುವುದು ನಿಂತಿಲ್ಲ!

ಈಗ ಸ್ವಲ್ಪ ಹೊರಗೆ ಹೋಗಿ ಬರೋಣ. ಜಗತ್ತಿನ ಅರ್ಧಕ್ಕೂ ಹೆಚ್ಚು ಜನ ಒಂದೇ ದಿನದಲ್ಲಿ ‘ಹಿಂದುಳಿದವರು’ ಆದದ್ದು ಯಾವಾಗ ಗೊತ್ತೇ? 1949ರ ಜನವರಿ 20ರಂದು ಅಂತ ಕೆಲವು ಪಂಡಿತರು ತುಂಟತನದಿಂದ ಹೇಳುತ್ತಾರೆ. ಅವತ್ತು ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಭಾಷಣದ ನಾಲ್ಕನೇ ಅಂಶದಲ್ಲಿ ಬಡ ದೇಶಗಳನ್ನು ಆ ಹೆಸರಿನಿಂದ ಕರೆದರು. ಹಿಂದಿನ ರಾತ್ರಿ ಸುಮ್ಮನೆ ಮಲಗಿದ್ದವರು ಏಳುವ ಹೊತ್ತಿಗೆ ಹಿಂದುಳಿದಿದ್ದರು!

ಆಮೇಲೆ ಆ ಹೆಸರು ಸ್ವಲ್ಪ ಒರಟಾಯಿತು ಅನ್ನಿಸಿ ‘ಅಭಿವೃದ್ಧಿಶೀಲ’ ಎಂದರು. ತಮಾಷೆ ನೋಡಿ, 2016ರಲ್ಲಿ ವಿಶ್ವಬ್ಯಾಂಕ್ ತನ್ನ ಅಂಕಿಅಂಶಗಳ ಪುಸ್ತಕದಲ್ಲಿ ದೇಶಗಳನ್ನು ಹಾಗೆ ವಿಂಗಡಿಸುವುದನ್ನೇ ಕೈಬಿಟ್ಟಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಂತೂ ‘ನಾನು ಅಭಿವೃದ್ಧಿಶೀಲ’ ಅಂತ ದೇಶವೇ ಹೇಳಿಕೊಂಡರೆ ಆಯಿತು. ಸರ್ಟಿಫಿಕೇಟ್ ಬೇಡ, ಗೆಜೆಟೆಡ್ ಅಧಿಕಾರಿಯ ಸಹಿಯೂ ಬೇಡ!

ಅತಿ ಬಡ ದೇಶಗಳದು ಬೇರೆಯೇ ಪಟ್ಟಿ. ವಿಶ್ವಸಂಸ್ಥೆ ಅದನ್ನು 1971ರಲ್ಲಿ 25 ದೇಶಗಳಿಂದ ಶುರು ಮಾಡಿತು. 2024ರ ಕೊನೆಗೆ ಅದರಲ್ಲಿದ್ದದ್ದು 44. ಅಷ್ಟು ವರ್ಷಗಳಲ್ಲಿ ಪಾಸಾಗಿ ಹೊರಬಂದವು ಬರೀ ಎಂಟು. 2023ರ ಡಿಸೆಂಬರ್‌ನಲ್ಲಿ ಪಾಸಾದದ್ದು ಭೂತಾನ್, ಜಿಡಿಪಿಗಿಂತ ಸಂತೋಷ ಮುಖ್ಯ ಅಂತ ಹೇಳುತ್ತಾ ಬಂದ ಪುಟ್ಟ ದೇಶ!

ಬಡ ದೇಶಗಳಿಗೆ ಸಾಲ ಕೊಡುವ ವಿಶ್ವಬ್ಯಾಂಕಿನ ಮೊದಲ ಸಾಲ ಯಾರಿಗೆ ಹೋಯಿತು ಹೇಳಿ ನೋಡೋಣ. ಭಾರತ? ಆಫ್ರಿಕಾ? ಇಲ್ಲ ಸ್ವಾಮಿ, ಫ್ರಾನ್ಸ್‌ಗೆ! 1947ರಲ್ಲಿ, 25 ಕೋಟಿ ಡಾಲರ್. ಯುದ್ಧದಲ್ಲಿ ಮುರಿದುಬಿದ್ದಿದ್ದ ಯುರೋಪೇ ಆಗ ಸರದಿಯ ಮುಂದೆ ನಿಂತಿತ್ತು. ನಮಗೆ ಸಿಕ್ಕಿದ್ದು 1949ರಲ್ಲಿ, ರೈಲ್ವೆಗೆ.

ಅದೇ ಹೊತ್ತಿಗೆ ವಿಶ್ವಸಂಸ್ಥೆಯಲ್ಲಿ ವಿ.ಕೆ.ಆರ್.ವಿ. ರಾವ್ ಎಂಬ ಅರ್ಥಶಾಸ್ತ್ರಜ್ಞರು ಬಡ ದೇಶಗಳಿಗೆ ಸುಲಭದ ಸಾಲ ಕೊಡುವ ಪ್ರತ್ಯೇಕ ಸಂಸ್ಥೆ ಬೇಕು ಅಂತ ಪಟ್ಟು ಹಿಡಿದಿದ್ದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು, ಬೆಂಗಳೂರಿನ ನಾಗರಬಾವಿಯ ಐಸೆಕ್ ಎಂಬ ಸಮಾಜ-ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರು ಇವರೇ. ಆ ಸುಲಭ ಸಾಲದ ನಿಧಿಗೆ ಹೆಸರಿಡಲು ಕೂತಾಗ ಇಂಗ್ಲಿಷಿನ ಮೊದಲಕ್ಷರಗಳು ಸೇರಿ ‘ಅನ್‌ಫೆಡ್’ ಅಂತಾಯಿತು. ಅಂದರೆ ‘ಹೊಟ್ಟೆಗಿಲ್ಲದವರು’! ಬಡವರ ನಿಧಿಗೆ ಅದಕ್ಕಿಂತ ಅಪಶಕುನದ ಹೆಸರುಂಟೇ? ಗಡಿಬಿಡಿಯಲ್ಲಿ ಮುಂದೆ ‘ಸ್ಪೆಷಲ್’ ಸೇರಿಸಿ ‘ಸನ್‌ಫೆಡ್’ ಮಾಡಿದರು. ಅಂದರೆ ಬಿಸಿಲುಂಡು ಬದುಕುವವರು ಅಂತಲೋ ಏನೋ!

ಆ ಚರ್ಚೆಯೆಲ್ಲ ಸುತ್ತಿ ಸುತ್ತಿ 1960ರಲ್ಲಿ ವಿಶ್ವಬ್ಯಾಂಕಿನೊಳಗೇ ಸುಲಭ ಸಾಲದ ಹೊಸ ಸಂಸ್ಥೆಯಾಗಿ ಬಂದು ನಿಂತಿತು. ಅದರಿಂದ ಅತಿ ಹೆಚ್ಚು ಸಾಲ ಪಡೆದ ದೇಶ ಯಾವುದು? ಬೇರೆ ಯಾರು, ನಾವೇ!

ವಿಶ್ವಬ್ಯಾಂಕಿನ ದುಡ್ಡು ನಿಮ್ಮ ಮನೆ ಗೇಟಿಗೂ ಬಂದು ಹೋಗಿದೆ. ಆ ಬ್ಯಾಂಕಿನ ನೆರವಿನ ದೇಶದ ಮೊದಲ ಹೈನುಗಾರಿಕೆ ಯೋಜನೆ 1974ರಲ್ಲಿ ಶುರುವಾದದ್ದು ಕರ್ನಾಟಕದಲ್ಲಿ. ಹಳ್ಳಿಹಳ್ಳಿಯ ಹಾಲಿನ ಡೈರಿಗಳು ಅಲ್ಲಿಂದ ಹುಟ್ಟಿದವು. ಬೆಳಗ್ಗೆ ಗೇಟಿಗೆ ನೇತುಹಾಕಿದ ಚೀಲದಲ್ಲಿ ಬಂದು ಬೀಳುವ ನಂದಿನಿ ಪ್ಯಾಕೆಟ್ ಅದೇ ಬಳ್ಳಿಯ ಕಾಯಿ!

ಸಾಲದ ವಿಷಯ ಬಂತು, ಟ್ಯಾಂಕರಿನ ಪಕ್ಕದಲ್ಲೇ ಇನ್ನೊಂದು ಕಥೆ ಇದೆ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರದ ತೆಕ್ಕೆಗೆ ಬಂದ ಸುತ್ತಲಿನ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ ಅದು. ದಿನಕ್ಕೆ 77.5 ಕೋಟಿ ಲೀಟರ್! ನೀರು ಬರುವುದು ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ, ಜೊತೆಗೆ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. ನಾಲ್ಕನೇ ಮಹಡಿಗೆ ನೀರೆತ್ತಲು ಏದುಸಿರು ಬಿಡುವ ನಿಮ್ಮ ಮೋಟಾರನ್ನೊಮ್ಮೆ ನೆನೆಸಿಕೊಳ್ಳಿ.

ಈ ಕಾವೇರಿ ಯೋಜನೆಗೆ ಸಾಲ ಕೊಟ್ಟವರು ಜಪಾನಿನವರು. ಅವರೇನು ಹುಟ್ಟಾ ಸಾಹುಕಾರರಾ? ಆ ಜಗತ್ಪ್ರಸಿದ್ಧ ಬುಲೆಟ್ ರೈಲು ಇದೆಯಲ್ಲ, ಅದಕ್ಕೆ 1961ರಲ್ಲಿ ಜಪಾನ್ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ಎತ್ತಿತ್ತು! ವಿಶ್ವಬ್ಯಾಂಕಿನ ಸಾಲಗಳ ಕಂತನ್ನೆಲ್ಲ ಜಪಾನ್ ಕಟ್ಟಿ ಮುಗಿಸಿದ್ದು 1990ರಲ್ಲಿ. ಆಗ ಇಡೀ ಜಗತ್ತಿಗೇ ಜಪಾನೀ ಟೀವಿ, ಜಪಾನೀ ಕಾರಿನ ಹುಚ್ಚು. ಅಷ್ಟು ದೊಡ್ಡ ಶ್ರೀಮಂತ ಇನ್ನೂ ಹಳೇ ಸಾಲದ ಇಎಂಐ ಕಟ್ಟುತ್ತಿದ್ದ! ಹೋಂ ಲೋನ್ ಇರುವ ಹೊರಮಾವಿನ ಫ್ಲ್ಯಾಟಿನವರು ಇದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಳ್ಳಬಹುದು.

ನೀರು ಅಂದಾಗ ನಜೀರ್ ಸಾಬ್ ನೆನಪಾಗದಿದ್ದರೆ ಹೇಗೆ? 1980ರ ದಶಕದಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರಿಗೆ ಇಟ್ಟ ಹೆಸರೇ ‘ನೀರ್ ಸಾಬ್’! ಅವರು ತಂದ ಪಂಚಾಯತ್ ವ್ಯವಸ್ಥೆಯ 1987ರ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲು. ದೇಶದ ಸಂವಿಧಾನಕ್ಕೆ ಅಂಥ ಮೀಸಲಾತಿ ಬರಲು ಇನ್ನೂ ಐದಾರು ವರ್ಷ ಬೇಕಾಯಿತು.

ಹಾಗಾದರೆ ಬಡವ ಅಂದರೆ ಯಾರು? ವಿಶ್ವಬ್ಯಾಂಕ್ ಪ್ರಕಾರ ದಿನಕ್ಕೆ 3 ಡಾಲರ್‌ಗಿಂತ ಕಡಿಮೆಯಲ್ಲಿ ಬದುಕುವವರು ಕಡುಬಡವರು. 2025ರ ಜೂನ್‌ನಿಂದ ಈ ಗೆರೆ. ಅದಕ್ಕೆ ಮುಂಚೆ 2.15 ಇತ್ತು. ಅಂದರೆ ಹಿಂದಿನ ದಿನ ಗೆರೆಯ ಮೇಲಿದ್ದ ಕೋಟ್ಯಂತರ ಜನ ಮಾರನೇ ದಿನ ಗೆರೆಯ ಕೆಳಗೆ, ಜೇಬಿನಿಂದ ಒಂದು ಪೈಸೆಯೂ ಕಳೆಯದೆ!

ಮೂರು ಡಾಲರ್ ಅಂದರೆ ಇನ್ನೂರೈವತ್ತು ರೂಪಾಯಿ ಅಂತ ಲೆಕ್ಕ ಹಾಕಿದಿರಾ? ಸಿಕ್ಕಿಬಿದ್ದಿರಿ! ಇದು ಬ್ಯಾಂಕಿನಲ್ಲಿ ಸಿಗುವ ಡಾಲರ್ ಅಲ್ಲ, ಖರೀದಿ ಶಕ್ತಿಯ ಡಾಲರ್. ನ್ಯೂಯಾರ್ಕಿನಲ್ಲಿ ಕಟಿಂಗ್ ಮಾಡಿಸುವ ದುಡ್ಡಿಗೆ ಹೊರಮಾವಿನಲ್ಲಿ ಮನೆಮಂದಿಯೆಲ್ಲ ಕಟಿಂಗ್ ಮಾಡಿಸಿ ಕಾಫಿಯನ್ನೂ ಕುಡಿಯಬಹುದು ತಾನೇ? ಆ ಲೆಕ್ಕದಲ್ಲಿ ಡಾಲರಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ. ದಿನಕ್ಕೆ ಅರವತ್ತು-ಎಪ್ಪತ್ತು ರೂಪಾಯಿ, ಅದೂ 2021ರ ಬೆಲೆಯಲ್ಲಿ. ಊಟ, ಬಾಡಿಗೆ, ಔಷಧಿ ಎಲ್ಲ ಅಷ್ಟರಲ್ಲೇ!

ಬಡತನವನ್ನು ಮೊದಲು ಎಣಿಸಿದವರಲ್ಲಿ ದಾದಾಭಾಯಿ ನವರೋಜಿ ಒಬ್ಬರು. 1867-68ರ ಸುಮಾರಿಗೆ ಭಾರತೀಯನೊಬ್ಬನ ವರ್ಷದ ಆದಾಯ 20 ರೂಪಾಯಿ ಎಂದು ಅವರ ಅಂದಾಜು. ಜೈಲಿನ ಕೈದಿಯ ಊಟ-ಬಟ್ಟೆಗೂ ಅಷ್ಟು ಸಾಲದು ಎಂದು ಬ್ರಿಟಿಷರದೇ ಜೈಲು ಲೆಕ್ಕ ತೆಗೆದು ತೋರಿಸಿದರು. ಒಳಗಿದ್ದವನು ಹೊರಗಿದ್ದವನಿಗಿಂತ ಚೆನ್ನಾಗಿ ಉಣ್ಣುತ್ತಿದ್ದ!

ದುಡ್ಡೊಂದಿದ್ದರೆ ಆಯಸ್ಸು ತಾನೇ ಬರುತ್ತೆ ಅಂತೀರಾ? 1990ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಒಂದು ಲೆಕ್ಕ ತೆರೆದಿಟ್ಟರು. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪುವರ್ಣದ ಗಂಡಸರು 65 ದಾಟುವ ಸಾಧ್ಯತೆ ಬಾಂಗ್ಲಾದೇಶದ ಗಂಡಸರಿಗಿಂತ ಕಮ್ಮಿ! ಜಗತ್ತಿನ ಅತಿ ಶ್ರೀಮಂತ ನಗರಗಳಲ್ಲೊಂದರ ಎದೆಯಲ್ಲೇ.

ಅದೇ 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ಕೇಂಬ್ರಿಡ್ಜಿನ ಗೆಳೆಯ ಅಮರ್ತ್ಯ ಸೇನ್ ಜೊತೆ ಸೇರಿ ಹೊಸ ಅಳತೆಗೋಲು ತಂದರು. ಆಯಸ್ಸು, ಓದು, ಆದಾಯ ಮೂರೂ ಸೇರಿದ ಮಾನವ ಅಭಿವೃದ್ಧಿ ಸೂಚ್ಯಂಕ. ಇಷ್ಟೆಲ್ಲವನ್ನು ಒಂದೇ ಅಂಕಿಗೆ ಇಳಿಸುವುದು ಒರಟು ಕೆಲಸ ಅಂತ ಸೇನ್ ಮೊದಲು ಮೂಗು ಮುರಿದಿದ್ದರು. ಜಿಡಿಪಿಯಷ್ಟೇ ಒರಟಾದ ಅಂಕಿಯೇ ಬೇಕು, ಇಲ್ಲದಿದ್ದರೆ ಯಾರೂ ತಿರುಗಿ ನೋಡಲ್ಲ ಅಂತ ಹಕ್ ಒಪ್ಪಿಸಿದರಂತೆ. 2025ರ ವರದಿಯಲ್ಲಿ ಭಾರತಕ್ಕೆ 193ರಲ್ಲಿ 130ನೇ ಜಾಗ.

ಕರ್ನಾಟಕ 1999ರಲ್ಲೇ ತನ್ನದೇ ಮಾನವ ಅಭಿವೃದ್ಧಿ ವರದಿ ತಂದಿತು. ಆಮೇಲೆ ಬಂದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ತೂಗಿದರು. ಹಿಂದುಳಿದವು 114! ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ವಿಧಾನಸೌಧದ ಪಡಸಾಲೆಯಲ್ಲಿ ಇವತ್ತಿಗೂ ‘ನಂಜುಂಡಪ್ಪ ವರದಿ’ ಅಂದರೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಒಂದೇ ರಾಜ್ಯ, ಎರಡು ಲೋಕ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದಕ್ಕಿಂತ ಸುಮಾರು ಐದು ಪಟ್ಟು! ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಒಂದು ಜಿಲ್ಲೆಯದು. ತಲಾ ಆದಾಯ ಅಂದರೆ ಸರಾಸರಿ, ಮರೆಯಬೇಡಿ. ಹೊರಮಾವಿನ ಟೆಕ್ಕಿಯ ಸಂಬಳವನ್ನೂ, ಅದೇ ಬೀದಿಯಲ್ಲಿ ಕಟ್ಟಡಕ್ಕೆ ಇಟ್ಟಿಗೆ ಹೊರಲು ಯಾದಗಿರಿಯಿಂದ ಬಂದವರ ಕೂಲಿಯನ್ನೂ ಕೂಡಿಸಿ ಭಾಗಿಸಿದರೆ ಇಬ್ಬರೂ ಅನುಕೂಲಸ್ಥರೇ!

ಹೊರಮಾವಿಗೆ ಹತ್ತಿರದ ಇನ್ನೊಂದು ಸೋಜಿಗ. ಕೆ.ಆರ್. ಪುರಂ ಪಕ್ಕ ‘ದೂರವಾಣಿನಗರ’ ಇದೆಯಲ್ಲ, ಆ ಹೆಸರು ಟೆಲಿಫೋನಿನದೇ! ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1948ರಲ್ಲಿ ಶುರುವಾದದ್ದು ಅಲ್ಲೇ. ಬಡ ದೇಶ ಸ್ವಂತಕ್ಕೆ ಕಟ್ಟಿಕೊಂಡ ಮೊದಲ ಕಾರ್ಖಾನೆಯಲ್ಲಿ ತಯಾರಾದದ್ದು ಮಾತಾಡುವ ಯಂತ್ರ. ನಮ್ಮ ಬುದ್ಧಿ ನೋಡಿ!

1981ರ ಆ್ಯಪಲ್ ಉಪಗ್ರಹದ ಫೋಟೋ ನೋಡಿದ್ದೀರಾ? ಬೆಂಗಳೂರಿನಲ್ಲಿ ತಯಾರಾದ ಉಪಗ್ರಹ ಎತ್ತಿನ ಗಾಡಿಯ ಮೇಲೆ ಕೂತಿದೆ. ಪಾಪ, ಲಾರಿಗೂ ಗತಿಯಿಲ್ಲ ಅಂತ ಎಷ್ಟು ಜನ ಲೊಚಗುಟ್ಟಿದರೋ. ಅಸಲಿ ವಿಷಯ ಬೇರೆ! ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು. ಲಾರಿ ಪೂರ್ತಿ ಕಬ್ಬಿಣ, ಗಾಡಿ ಮರದ್ದು. ಬಡತನ ಅಂತ ಜಗತ್ತು ಕಂಡದ್ದು ವಿಜ್ಞಾನಿಗಳ ಜಾಣತನವಾಗಿತ್ತು!

ಕಡೆಯದಾಗಿ ಬಸ್ಸು ಹತ್ತೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮನೆಗೆಲಸಕ್ಕೆ ಹೊರಟ ಅಕ್ಕ ಆಧಾರ್ ಕಾರ್ಡ್ ತೋರಿಸುತ್ತಾರೆ. ಕಂಡಕ್ಟರ್ ಮಷೀನು ಒತ್ತುತ್ತಾರೆ, ಕಿರ್ರ್ ಅಂತ ಚೀಟಿ ಬರುತ್ತೆ. ದರದ ಜಾಗದಲ್ಲಿ ಸೊನ್ನೆ. ದುಡ್ಡು ಕೊಡದಿದ್ದರೂ ಚೀಟಿ ಮಾತ್ರ ತೆಗೆದುಕೊಳ್ಳಲೇಬೇಕು! ಯಾಕೆಂದರೆ ಆ ಸೊನ್ನೆಗಳನ್ನು ಒಂದೊಂದಾಗಿ ಎಣಿಸಿಯೇ ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ಕಟ್ಟುವುದು. 2025ರ ಜುಲೈ ಹೊತ್ತಿಗೆ ಅಂಥ ಸೊನ್ನೆಗಳು 500 ಕೋಟಿ ದಾಟಿದ್ದವು! ಅಕ್ಕ ಸಂಜೆ ಅದೇ ಬಸ್ಸಿನಲ್ಲಿ ವಾಪಸ್ ಬಂದು ತಮ್ಮ ಮನೆಯ ಒಲೆ ಹಚ್ಚಿ ಸಾರು ಕುದಿಸುತ್ತಾರೆ. ಆ ಸಾರಿಗೆ ಚೀಟಿ ಇಲ್ಲ!